ಸೋತ ಆಟ ಮುಂದುವರಿಸುವುದು ತಪ್ಪಲ್ಲ, ಆಡದೆ ಕೂರುವುದು ತಪ್ಪು

ಆನ್‌ಲೈನ್‌ನಲ್ಲಿ ತಲಾ ಹತ್ತು ನಿಮಿಷದ ಚೆಸ್ ಆಟ. ನನ್ನ ಬಳಿ ರಾಣಿ ಮತ್ತು ಆನೆ ಇದ್ದವು. ಎದುರಾಳಿಯ ರಾಜ ಮೂಲೆಗೆ ಸಿಕ್ಕಿಬಿದ್ದಿದ್ದ. ಅವರಿಗೆ ಉಳಿದಿದ್ದದ್ದು ಒಂದೇ ಒಂದು ನಡೆ. ಅದನ್ನು ಆಡಿದರೆ ಮರುನಡೆಗೆ ಚೆಕ್‌ಮೇಟ್. ಅವರು ಅದನ್ನು ಆಡಲಿಲ್ಲ, ರಿಸೈನ್ (ಸೋಲೊಪ್ಪಿಕೊಂಡು ಆಟ ಬಿಡುವುದು) ಕೂಡ ಮಾಡಲಿಲ್ಲ. ಅವರ ಗಡಿಯಾರದಲ್ಲಿ ಆರು ನಿಮಿಷ ನಲವತ್ತು ಸೆಕೆಂಡ್ ಬಾಕಿ ಇತ್ತು. ಅದು ಒಂದೊಂದೇ ಸೆಕೆಂಡ್ ಇಳಿಯುವುದನ್ನು ನೋಡುತ್ತಾ ಕೂತೆ. ಕೊನೆಯ ಹತ್ತು ಸೆಕೆಂಡ್ ಇರುವಾಗ ಆ ನಡೆ ಬಂತು. ನಾನು ಬೇಸತ್ತು ಎದ್ದುಹೋಗಿರುತ್ತೇನೆ, ನನ್ನ ಸಮಯ ಮುಗಿದುಹೋಗುತ್ತದೆ ಎಂಬ ಲೆಕ್ಕಾಚಾರ ಅದು. ನಾನು ಅಲ್ಲೇ ಇದ್ದೆ, ಮೇಟ್ ಕೊಟ್ಟೆ. ಆದರೆ ಗೆದ್ದ ಖುಷಿ ಒಂದಿಷ್ಟೂ ಉಳಿದಿರಲಿಲ್ಲ.

ಆ ಸಿಟ್ಟಿನಲ್ಲಿ ನಾನೊಂದು ತೀರ್ಮಾನಕ್ಕೆ ಬಂದೆ: ಸೋಲು ಖಚಿತವಾದ ಮೇಲೆ ಆಟ ಬಿಡದವರು ಮರ್ಯಾದೆ ಇಲ್ಲದವರು. ಬಹಳ ದಿನ ಹಾಗೇ ನಂಬಿದ್ದೆ. ಈಗ ಆ ತೀರ್ಮಾನವೇ ತಪ್ಪು ಅನ್ನಿಸುತ್ತದೆ. ಅಂದು ನನಗೆ ನೋವಾದದ್ದು ಎದುರಾಳಿ ರಿಸೈನ್ ಮಾಡಲಿಲ್ಲ ಅಂತಲ್ಲ. ಅವರು ಆಡಲಿಲ್ಲ ಅಂತ. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದರಿಂದಲೇ ಆನ್‌ಲೈನ್ ಚೆಸ್‌ನಲ್ಲಿ ಇಷ್ಟೊಂದು ಜಗಳ ನಡೆಯುತ್ತಿದೆ.

ಮೊದಲು ನಿಯಮ ಏನು ಹೇಳುತ್ತದೆ ನೋಡೋಣ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮಗಳ ಪ್ರಕಾರ ಒಬ್ಬರು ರಿಸೈನ್ ಎಂದು ಹೇಳಿದ ಕ್ಷಣಕ್ಕೆ ಆಟ ಮುಗಿಯುತ್ತದೆ, ಎದುರಾಳಿ ಗೆಲ್ಲುತ್ತಾರೆ. ಅಷ್ಟೇ. ಯಾವಾಗ ರಿಸೈನ್ ಮಾಡಬೇಕು, ಎಷ್ಟು ಕಾಯಿ ಕಳೆದುಕೊಂಡ ಮೇಲೆ ಮಾಡಬೇಕು ಎಂಬುದರ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ರಾಜನನ್ನು ಮಲಗಿಸಿ ಸೋಲೊಪ್ಪುವುದು ಕೂಡ ರೂಢಿಯಿಂದ ಬಂದದ್ದೇ. ಆದರೆ ಎದುರಾಳಿಯ ಗಮನ ಕೆಡಿಸಬಾರದು, ಯಾವ ರೀತಿಯಲ್ಲೂ ಕಿರಿಕಿರಿ ಮಾಡಬಾರದು ಎಂಬ ನಿಯಮ ಮಾತ್ರ ಸ್ಪಷ್ಟವಾಗಿದೆ. ಅಂದರೆ ಸೋತ ಆಟವನ್ನು ಮುಂದುವರಿಸುವ ಹಕ್ಕು ಪೂರ್ತಿಯಾಗಿ ಆಟಗಾರನದ್ದು. ಎದುರಿಗಿರುವವರನ್ನು ಸತಾಯಿಸುವ ಹಕ್ಕು ಯಾರಿಗೂ ಇಲ್ಲ.

ಹಾಗಿದ್ದರೆ 'ಸೋತರೆ ಬೇಗ ಬಿಡಬೇಕು' ಎಂಬ ಶಿಷ್ಟಾಚಾರ ಎಲ್ಲಿಂದ ಬಂತು? ಅದು ಬೇರೆಯೇ ಕಾಲದ್ದು. ಹಿಂದೆ ದೊಡ್ಡ ಪಂದ್ಯಗಳು ಒಂದೇ ದಿನಕ್ಕೆ ಮುಗಿಯುತ್ತಿರಲಿಲ್ಲ. ಕೆಲವು ಗಂಟೆ ಆಡಿದ ಮೇಲೆ ಆಟ ನಿಲ್ಲಿಸಿ, ಮುಂದಿನ ನಡೆಯನ್ನು ಬರೆದು ಲಕೋಟೆಯಲ್ಲಿ ಮುಚ್ಚಿಟ್ಟು, ಮಾರನೇ ದಿನ ಮುಂದುವರಿಸುತ್ತಿದ್ದರು. ರಾತ್ರಿಯೆಲ್ಲ ಆ ಸ್ಥಿತಿಯ ವಿಶ್ಲೇಷಣೆ ನಡೆಯುತ್ತಿತ್ತು. ಸೋಲು ಖಚಿತ ಎಂದು ಗೊತ್ತಾದರೆ ಬೆಳಿಗ್ಗೆ ಬಂದು ಕೂರುವ ಬದಲು ಅಲ್ಲಿಗೇ ಕೈಬಿಡುತ್ತಿದ್ದರು. 1972ರಲ್ಲಿ ರೇಕ್ಯಾವಿಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಮುಗಿದದ್ದು ಹಾಗೇ. 21ನೇ ಆಟ ಅರ್ಧಕ್ಕೆ ನಿಂತಿತ್ತು. ಮಾರನೇ ದಿನ, ಸೆಪ್ಟೆಂಬರ್ 1ರಂದು, ಬೋರಿಸ್ ಸ್ಪಾಸ್ಕಿ ಫೋನ್ ಮಾಡಿ ರಿಸೈನ್ ಎಂದು ತಿಳಿಸಿದರು. ಬಾಬಿ ಫಿಶರ್ ವಿಶ್ವ ಚಾಂಪಿಯನ್ ಆದರು.

ಅಲ್ಲಿ ರಿಸೈನ್ ಮಾಡುವುದರಿಂದ ಇಬ್ಬರಿಗೂ ಇಡೀ ಒಂದು ದಿನ ಉಳಿಯುತ್ತಿತ್ತು. ಅದರ ಹಿಂದೆ ಇನ್ನೂ ಒಂದು ಮಾತಿತ್ತು: 'ಇಲ್ಲಿಂದ ನೀವು ಗೆಲ್ಲುತ್ತೀರಿ ಎಂದು ನನಗೆ ಗೊತ್ತು.' ನನ್ನ ಪ್ರಕಾರ ಇದೇ ರಿಸೈನ್ ಮಾಡುವುದರ ತಿರುಳು. ಅದು ಎದುರಾಳಿಯ ಆಟಕ್ಕೆ ಕೊಡುವ ಗೌರವ. ಗ್ರ್ಯಾಂಡ್‌ಮಾಸ್ಟರ್ ಎದುರು ಒಂದು ಕುದುರೆ ಕಳೆದುಕೊಂಡವರು ಆಟ ಬಿಟ್ಟರೆ ಅದಕ್ಕೆ ಅರ್ಥವಿದೆ. ವಿಶ್ವನಾಥನ್ ಆನಂದ್ 1988ರಲ್ಲಿ ಬಿಯೆಲ್‌ನಲ್ಲಿ ಅಲೊನ್ಸೊ ಸಪಾಟಾ ವಿರುದ್ಧ ಆರನೇ ನಡೆಗೇ ರಿಸೈನ್ ಮಾಡಿದ್ದರು. ಕಾಯಿಯೊಂದು ಹೋಗುವುದು ಖಚಿತವಾಗಿತ್ತು. ಆ ಮಟ್ಟದ ಎದುರಾಳಿ ಅದನ್ನು ಕೈಬಿಡುವುದಿಲ್ಲ ಎಂದೂ ಗೊತ್ತಿತ್ತು.

ಈಗ ಇದನ್ನೇ ತಂದು 800 ರೇಟಿಂಗಿನ, ಅಂದರೆ ಇನ್ನೂ ಕಲಿಯುತ್ತಿರುವ ಮಟ್ಟದ ಇಬ್ಬರ ಐದು ನಿಮಿಷದ ಆಟಕ್ಕೆ ಅಂಟಿಸಿ ನೋಡಿ. ಅಲ್ಲಿ ಒಂದು ಕುದುರೆ ಹೋದರೆ ಮುಂದಿನ ಹತ್ತು ನಡೆಯಲ್ಲಿ ಆಚೆಯವರದ್ದೂ ಒಂದು ಹೋಗುತ್ತದೆ. ರಾಣಿ ಹೆಚ್ಚಿಗೆ ಇದ್ದವರು ಅದನ್ನು ಗಮನಿಸದೆ ಕಳೆದುಕೊಳ್ಳುತ್ತಾರೆ. ಬಹಳಷ್ಟು ಕಾಯಿ ಮುಂದಿದ್ದವರು ಸ್ಟೇಲ್‌ಮೇಟ್ (ಚೆಕ್ ಇಲ್ಲದಿದ್ದರೂ ಎದುರಾಳಿಗೆ ಆಡಲು ನಡೆಯೇ ಇಲ್ಲದ ಸ್ಥಿತಿ) ಮಾಡಿ ಡ್ರಾಗೆ ಇಳಿಯುತ್ತಾರೆ. ಇಲ್ಲಿ 'ನೀವು ಗೆಲ್ಲುತ್ತೀರಿ ಎಂದು ನನಗೆ ಗೊತ್ತು' ಎಂದು ಹೇಳಿದರೆ ಅದು ಸುಳ್ಳಾಗುತ್ತದೆ, ಯಾಕೆಂದರೆ ಅದು ಯಾರಿಗೂ ಗೊತ್ತಿಲ್ಲ. ಕಲಿಯುವವರಿಗೆ ಕೋಚ್‌ಗಳು 'ರಿಸೈನ್ ಮಾಡಬೇಡ, ಮೇಟ್ ಆಗುವವರೆಗೆ ಆಡು' ಎಂದು ಹೇಳುವುದು ಸುಮ್ನೆ ಅಲ್ಲ. ಸೋಲುತ್ತಿರುವವರು ರಕ್ಷಣೆ ಕಲಿಯುತ್ತಾರೆ. ಗೆಲ್ಲುತ್ತಿರುವವರು ಆಟ ಮುಗಿಸುವುದನ್ನು ಕಲಿಯುತ್ತಾರೆ. ಒಂಟೆ ಮತ್ತು ಕುದುರೆ ಎರಡೇ ಇಟ್ಟುಕೊಂಡು ಒಂಟಿ ರಾಜನಿಗೆ ಮೇಟ್ ಕೊಡುವುದು ಪುಸ್ತಕದಲ್ಲಿ ಓದಿದರೆ ಸುಲಭ. ಗಡಿಯಾರದಲ್ಲಿ ಐವತ್ತು ಸೆಕೆಂಡ್ ಇಟ್ಟುಕೊಂಡು, ಐವತ್ತು ನಡೆಯ ನಿಯಮದೊಳಗೆ (ಅಷ್ಟು ನಡೆಯಲ್ಲಿ ಕಾಯಿ ಹೊಡೆಯದೆ, ಕಾಲಾಳು ನಡೆಸದೆ ಹೋದರೆ ಡ್ರಾ ಕೇಳಬಹುದು) ಮಾಡಿ ತೋರಿಸುವುದು ಬೇರೆಯೇ ಮಾತು. ಎದುರಾಳಿ ಆಟ ಬಿಡದೆ ಇದ್ದರೆ ಮಾತ್ರ ಆ ಅಭ್ಯಾಸ ಸಿಗುತ್ತದೆ.

ಇದು ಹೊಸಬರಿಗೆ ಮಾತ್ರ ಅನ್ವಯಿಸುವ ಮಾತು ಎಂದು ಯಾರಾದರೂ ಹೇಳಬಹುದು. ಹಾಗಲ್ಲ. 2025ರ ಜೂನ್ 1ರಂದು ನಾರ್ವೆ ಚೆಸ್ ಟೂರ್ನಿಯಲ್ಲಿ ಡಿ. ಗುಕೇಶ್ ಅವರು ಮಾಜಿ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಎದುರು ಬಹಳ ಹೊತ್ತು ಸೋಲುವ ಸ್ಥಿತಿಯಲ್ಲಿದ್ದರು. ಕೈಬಿಡಲಿಲ್ಲ. ನಡೆಯ ಮೇಲೆ ನಡೆ ಹುಡುಕಿ ಆಡುತ್ತಾ ಹೋದರು. ಸಮಯದ ಒತ್ತಡದಲ್ಲಿ ಕಾರ್ಲ್‌ಸನ್ ಕುದುರೆಯನ್ನು ತಪ್ಪಾದ ಜಾಗಕ್ಕೆ ನಡೆಸಿದರು, ಆಟ ತಿರುಗಿತು. ಕೊನೆಗೆ ಕಾರ್ಲ್‌ಸನ್ನೇ ರಿಸೈನ್ ಮಾಡಬೇಕಾಯಿತು. ಸಿಟ್ಟಿನಲ್ಲಿ ಅವರು ಮೇಜು ಗುದ್ದಿದ್ದನ್ನು ಎಲ್ಲರೂ ನೋಡಿದ್ದೇವೆ. ಗಂಟೆಗಟ್ಟಲೆ ಸಮಯ ಇರುವ ಕ್ಲಾಸಿಕಲ್ ಆಟದಲ್ಲಿ ಕಾರ್ಲ್‌ಸನ್ ವಿರುದ್ಧ ಗುಕೇಶ್ ಅವರ ಮೊದಲ ಗೆಲುವು ಅದು. ಗುಕೇಶ್ ಶಿಷ್ಟಾಚಾರ ಮೀರಿದರು ಎಂದು ಯಾರಾದರೂ ಹೇಳಿದರಾ? ಇಲ್ಲ ಅಲ್ವಾ. ಅವರು ಪ್ರತಿ ನಡೆಯಲ್ಲೂ ಎದುರಾಳಿಗೆ ಒಂದು ಹೊಸ ಪ್ರಶ್ನೆ ಇಡುತ್ತಿದ್ದರು. ಸೋತ ಆಟ ಮುಂದುವರಿಸುವವರು ಮಾಡಬೇಕಾದದ್ದು ಅದನ್ನೇ.

ಇನ್ನೂ ಹಳೆಯದೊಂದು ಆಟ ನನಗೆ ಬಹಳ ಇಷ್ಟ. 1963ರ ಕೊನೆಯಲ್ಲಿ ಶುರುವಾದ ಅಮೆರಿಕದ ಚಾಂಪಿಯನ್‌ಶಿಪ್‌ನಲ್ಲಿ ಲ್ಯಾರಿ ಇವಾನ್ಸ್ ಅವರು ಸ್ಯಾಮುಯೆಲ್ ರೆಶೆವ್‌ಸ್ಕಿ ವಿರುದ್ಧ ಸೋಲುತ್ತಿದ್ದರು. ಇವಾನ್ಸ್ ಅವರ ರಾಜನಿಗೆ ನಡೆ ಇರಲಿಲ್ಲ, ಕಾಲಾಳುಗಳೂ ಸಿಕ್ಕಿಕೊಂಡಿದ್ದವು. ಇವಾನ್ಸ್ ಮೊದಲು ರಾಣಿಯನ್ನು ಚೆಕ್ ಕೊಟ್ಟು ಬಲಿಕೊಟ್ಟರು. ಆಮೇಲೆ ಆನೆಯಿಂದ ಚೆಕ್ ಕೊಟ್ಟರು. ಆನೆಯನ್ನು ಹೊಡೆದರೆ ಸ್ಟೇಲ್‌ಮೇಟ್, ಹೊಡೆಯದಿದ್ದರೆ ಆನೆ ಚೆಕ್ ಕೊಡುತ್ತಲೇ ಇರುತ್ತದೆ. ಆಟ ಡ್ರಾ ಆಯಿತು. ಹತ್ತು ನಡೆ ಮೊದಲೇ 'ಮರ್ಯಾದೆಯಿಂದ' ಆಟ ಬಿಟ್ಟಿದ್ದರೆ ಚೆಸ್ ಇತಿಹಾಸದಲ್ಲಿ ಆ ಸುಂದರವಾದ ತಂತ್ರ ಇರುತ್ತಲೇ ಇರಲಿಲ್ಲ.

ಆತುರದಲ್ಲಿ ರಿಸೈನ್ ಮಾಡಿ ಪಶ್ಚಾತ್ತಾಪ ಪಟ್ಟವರೂ ಇದ್ದಾರೆ. 1902ರಲ್ಲಿ ಮಾಂಟೆ ಕಾರ್ಲೊದಲ್ಲಿ ಜಾರ್ಜ್ ಮಾರ್ಕೊ ತಮ್ಮ ಒಂಟೆ ಹೋಯಿತು ಎಂದುಕೊಂಡು ಇಗ್ನಾಟ್ಸ್ ಫಾನ್ ಪೊಪಿಯೆಲ್ ಎದುರು ರಿಸೈನ್ ಮಾಡಿದರು. ಅದೇ ಒಂಟೆಯನ್ನು ಎದುರಾಳಿಯ ರಾಜನ ಪಕ್ಕದ ಮನೆಗೆ ನಡೆಸಿದ್ದರೆ ಗೆಲುವು ಅವರದೇ ಆಗುತ್ತಿತ್ತು. 1997ರಲ್ಲಿ ಡೀಪ್ ಬ್ಲೂ ಕಂಪ್ಯೂಟರ್ ವಿರುದ್ಧದ ಎರಡನೇ ಆಟದಲ್ಲಿ ಗ್ಯಾರಿ ಕ್ಯಾಸ್ಪರೋವ್ ರಿಸೈನ್ ಮಾಡಿದ ಮೇಲೆ, ಸತತ ಚೆಕ್ ಕೊಟ್ಟು ಡ್ರಾ ಮಾಡಿಕೊಳ್ಳುವ ದಾರಿ ಇತ್ತು ಎಂದು ವಿಶ್ಲೇಷಕರು ತೋರಿಸಿದರು. ಯಂತ್ರಕ್ಕೆ ತಪ್ಪಾಗಲಾರದು ಎಂಬ ನಂಬಿಕೆ ಅವರನ್ನು ಸೋಲಿಸಿತು ಎಂದು ನನಗೆ ಅನ್ನಿಸುತ್ತದೆ. ರಿಸೈನ್ ಎಂದರೆ ಎದುರಾಳಿಯ ಮೇಲೆ ಇಡುವ ನಂಬಿಕೆ ಎಂದೆನಲ್ಲ, ಆ ನಂಬಿಕೆ ಅತಿಯಾದರೆ ಹೀಗೂ ಆಗುತ್ತದೆ.

ಇನ್ನು ಸಮಯದ ವಿಚಾರಕ್ಕೆ ಬರೋಣ. ಆನ್‌ಲೈನ್‌ನಲ್ಲಿ ಜಾಸ್ತಿ ಕೇಳಿಬರುವ ದೂರು 'ನನ್ನ ಸಮಯ ಹಾಳು ಮಾಡಿದರು' ಎಂಬುದು. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪ್ರತಿ ನಡೆಗೂ ಸೇರುವ ಹೆಚ್ಚುವರಿ ಸೆಕೆಂಡ್ ಇಲ್ಲದ, ತಲಾ ಹತ್ತು ನಿಮಿಷದ ಆಟಕ್ಕೆ ನೀವು ಒಪ್ಪಿ ಕೂತಿದ್ದೀರಿ ಎಂದರೆ ಇಪ್ಪತ್ತು ನಿಮಿಷ ಕೊಡಲು ಒಪ್ಪಿದ್ದೀರಿ ಎಂದರ್ಥ. ಮೂರು ನಿಮಿಷದ ಬ್ಲಿಟ್ಜ್ ಆದರೆ ಆರು ನಿಮಿಷ. ಅದು ಆಟ ಶುರುವಾಗುವ ಮೊದಲೇ ಆದ ಒಪ್ಪಂದ. ಎದುರಾಳಿ ಬೇಗ ರಿಸೈನ್ ಮಾಡಿ ನಿಮ್ಮ ಎಂಟು ನಿಮಿಷ ಉಳಿಸಿದರೆ ಒಳ್ಳೆಯದೇ. ಉಳಿಸದಿದ್ದರೆ ಅವರು ನಿಮ್ಮಿಂದ ಏನನ್ನೂ ಕದ್ದಿಲ್ಲ. ಮೇಲಾಗಿ ಅವರು ಆಡುತ್ತಿದ್ದಾರೆ, ನೀವೂ ಆಡುತ್ತಿದ್ದೀರಿ. ನೀವು ಬಂದದ್ದೇ ಚೆಸ್ ಆಡಲು. ಗೆಲ್ಲುವ ಸ್ಥಿತಿಯಿಂದ ಗೆಲುವು ತೆಗೆಯುವುದೂ ಚೆಸ್ಸೇ.

ಹಾಗಾದರೆ ಗಡಿಯಾರ ಓಡಿಸುತ್ತಾ ಸುಮ್ಮನೆ ಕೂರುವವರೂ ತಮಗೆ ಸಿಕ್ಕ ಹತ್ತು ನಿಮಿಷವನ್ನೇ ಬಳಸುತ್ತಿದ್ದಾರಲ್ಲ, ಅದು ಹೇಗೆ ತಪ್ಪು? ಇದು ನ್ಯಾಯವಾದ ಪ್ರಶ್ನೆ. ಬಹಳ ಯೋಚಿಸಿದ ಮೇಲೆ ನನಗೆ ಸಿಕ್ಕ ಉತ್ತರ ಇದು: ಆ ಸಮಯ ಕೊಟ್ಟಿರುವುದು ಯೋಚಿಸಲು. ಒಂದೇ ನಡೆ ಇರುವಾಗ ಯೋಚಿಸಲು ಏನೂ ಇರುವುದಿಲ್ಲ. ಆಗ ಕೂರುವುದು ಎದುರಾಳಿಯನ್ನು ಕಟ್ಟಿಹಾಕಲು ಮಾತ್ರ. ಎದುರಿಗೆ ಕೂತು ಆಡುವಾಗ ಹೀಗೆ ಮಾಡುವವರು ಕಡಿಮೆ. ಎದುರಾಳಿಯ ಮುಖ ಕಾಣುತ್ತಿರುತ್ತದೆ, ಅಕ್ಕಪಕ್ಕದವರು ನೋಡುತ್ತಿರುತ್ತಾರೆ, ಪಂದ್ಯದ ಅಧಿಕಾರಿ ಅಲ್ಲೇ ಇರುತ್ತಾರೆ. ಆನ್‌ಲೈನ್‌ನಲ್ಲಿ ಒಂದು ಅಡ್ಡಹೆಸರು, ಒಂದು ಸಂಖ್ಯೆ, ಅಷ್ಟೇ ಕಾಣುವುದು. ಇನ್ನೊಂದು ಟ್ಯಾಬ್ ತೆರೆದು ವಿಡಿಯೊ ನೋಡುತ್ತಾ ಎದುರಾಳಿಯನ್ನು ಕಾಯಿಸುವುದು ಸುಲಭ.

ಆನ್‌ಲೈನ್ ಚೆಸ್ ತಾಣಗಳಾದ ಲಿಚೆಸ್ ಮತ್ತು ಚೆಸ್ ಡಾಟ್ ಕಾಮ್ ಎರಡೂ ಈ ವ್ಯತ್ಯಾಸವನ್ನು ಗುರುತಿಸಿವೆ. ಸೋತ ಸ್ಥಿತಿಯಲ್ಲಿ ಆಡುತ್ತಾ ಹೋದರೆ ಯಾವ ಶಿಕ್ಷೆಯೂ ಇಲ್ಲ. ಬೇಕೆಂದೇ ಗಡಿಯಾರ ಓಡಿಸಿದರೆ ಅಥವಾ ಮತ್ತೆ ಮತ್ತೆ ಆಟದ ಮಧ್ಯೆ ಬಿಟ್ಟುಹೋದರೆ ಎಚ್ಚರಿಕೆ ಬರುತ್ತದೆ. ಅದು ಮುಂದುವರಿದರೆ ಸ್ವಲ್ಪ ಹೊತ್ತು ಹೊಸ ಆಟ ಆಡಲು ಬಿಡುವುದಿಲ್ಲ. ರಿಸೈನ್ ಮಾಡದೆ ಕಿಟಕಿ ಮುಚ್ಚಿ ಹೋದವರ ವಿರುದ್ಧ, ಒಂದಿಷ್ಟು ಹೊತ್ತು ಕಾದ ಮೇಲೆ, ಗೆಲುವು ಉಳಿದವರಿಗೆ ಸಿಗುತ್ತದೆ. ರೇಟಿಂಗ್ ಲೆಕ್ಕದಲ್ಲಿ ಹೇಗೆ ಸೋತರೂ ಒಂದೇ. ಮೇಟ್ ಆಗಲಿ, ರಿಸೈನ್ ಆಗಲಿ, ಸಮಯ ಮುಗಿದದ್ದೇ ಆಗಲಿ, ಕಳೆಯುವ ಅಂಕ ಅಷ್ಟೇ. ಸತಾಯಿಸಿದವರಿಗೆ ಅದರಿಂದ ಸಿಗುವುದು ಏನೂ ಇಲ್ಲ.

ಒಂದು ಎಚ್ಚರಿಕೆ ಇಲ್ಲಿ ಬೇಕು. ಎದುರಾಳಿ ಎರಡು ನಿಮಿಷ ಆಡಲಿಲ್ಲ ಎಂದ ಕೂಡಲೇ ಅವರನ್ನು ಕೆಟ್ಟವರು ಅಂದುಕೊಳ್ಳಬಾರದು. ನೆಟ್ ಹೋಗಿರಬಹುದು. ಮಗು ಅತ್ತಿರಬಹುದು. ಅಥವಾ ನಿಜಕ್ಕೂ ಒಂದು ಸ್ಟೇಲ್‌ಮೇಟ್ ಬಲೆ ಹುಡುಕುತ್ತಿರಬಹುದು. ಇವಾನ್ಸ್ ಆ ರಾಣಿ ಬಲಿಯನ್ನು ಹುಡುಕಿದ್ದು ಯೋಚಿಸಿಯೇ. 2020ರ ಚೆಸ್ಸೆಬಲ್ ಮಾಸ್ಟರ್ಸ್ ಎಂಬ ಆನ್‌ಲೈನ್ ಟೂರ್ನಿಯಲ್ಲಿ ಡಿಂಗ್ ಲಿರೆನ್ ಅವರ ಸಂಪರ್ಕ ಕಡಿದು ಕಾರ್ಲ್‌ಸನ್‌ಗೆ ಒಂದು ಆಟ ಸುಮ್ಮನೆ ಸಿಕ್ಕಿತು. ಹಾಗೆ ಸಿಕ್ಕ ಗೆಲುವು ನ್ಯಾಯವಲ್ಲ ಎಂದು ಕಾರ್ಲ್‌ಸನ್ ಇನ್ನೊಂದು ಆಟದ ನಾಲ್ಕನೇ ನಡೆಗೇ ರಾಣಿಯನ್ನು ಬಿಟ್ಟುಕೊಟ್ಟು ರಿಸೈನ್ ಮಾಡಿದರು. ರಿಸೈನ್ ಬಟನ್ನನ್ನು ಅಷ್ಟು ಘನವಾಗಿ ಬಳಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅದೇ ಕಾರ್ಲ್‌ಸನ್ 2022ರ ಸೆಪ್ಟೆಂಬರ್‌ನಲ್ಲಿ, ಜೂಲಿಯಸ್ ಬೇರ್ ಜನರೇಷನ್ ಕಪ್‌ನಲ್ಲಿ, ಹ್ಯಾನ್ಸ್ ನೀಮನ್ ಎದುರು ಒಂದೇ ನಡೆ ಆಡಿ ರಿಸೈನ್ ಮಾಡಿ ಕ್ಯಾಮೆರಾ ಆಫ್ ಮಾಡಿದರು. ಅಲ್ಲಿ ರಿಸೈನ್ ಮಾಡಿದ್ದು, ನೀಮನ್ ಆಟದಲ್ಲಿ ಮೋಸ ಮಾಡುತ್ತಾರೆಂಬ ತಮ್ಮ ಶಂಕೆಯಿಂದ, ಪ್ರತಿಭಟನೆಗೆ. ಅದು ಸರಿಯೋ ತಪ್ಪೋ ಎಂಬ ವಾದ ಆಗ ಚೆಸ್ ಜಗತ್ತನ್ನೇ ಎರಡು ಮಾಡಿತ್ತು. ನನಗಂತೂ ಅದು ಹಿಡಿಸಲಿಲ್ಲ. ಆಡದೆ ಸೋಲುವುದರಿಂದ ಅದೇ ಟೂರ್ನಿಯ ಉಳಿದ ಆಟಗಾರರಿಗೂ ಅನ್ಯಾಯವಾಗುತ್ತದೆ. ನೀಮನ್ ಅವರಿಗೆ ಬಂದ ಮೂರು ಅಂಕ ಅವರೆಲ್ಲರ ಸ್ಥಾನದ ಮೇಲೂ ಪರಿಣಾಮ ಬೀರುತ್ತದೆ.

ಗಡಿಯಾರದ ಬಗ್ಗೆ ಇನ್ನೊಂದು ಜಗಳ ಇದೆ. ನಿಮ್ಮ ಬಳಿ ರಾಜ ಮತ್ತು ಒಂದು ಕಾಲಾಳು. ಎದುರಾಳಿಯ ಬಳಿ ರಾಣಿ, ಆನೆ ಎಲ್ಲ ಇದೆ, ಆದರೆ ಸಮಯ ಮಾತ್ರ ಎಂಟು ಸೆಕೆಂಡ್. ನೀವು ಪ್ರೀಮೂವ್ (ಎದುರಾಳಿ ಆಡುವ ಮೊದಲೇ ಹಾಕಿಡುವ ನಡೆ) ಹಾಕಿ ಸರಸರ ಆಡಿ ಅವರ ಸಮಯ ಮುಗಿಸಿ ಗೆದ್ದರೆ ಅದು ಗೆಲುವೇ? ಹೌದು ಎನ್ನುತ್ತೇನೆ. ಅವರು ಆ ರಾಣಿಯನ್ನು ಗಳಿಸಿದ್ದೇ ಆ ಸಮಯ ಖರ್ಚು ಮಾಡಿ. ಕಾಯಿಯಂತೆ ಸಮಯವೂ ಆಟದ ಒಂದು ಭಾಗ. ಎದುರಿಗೆ ಕೂತು ಆಡುವ ನಿಯಮಗಳಲ್ಲಿ ಇದಕ್ಕೊಂದು ರಕ್ಷಣೆ ಇತ್ತು: ಹೆಚ್ಚುವರಿ ಸೆಕೆಂಡ್ ಇಲ್ಲದ ಆಟದಲ್ಲಿ ಎರಡು ನಿಮಿಷಕ್ಕಿಂತ ಕಡಿಮೆ ಸಮಯ ಇದ್ದವರು, 'ಎದುರಾಳಿ ಗೆಲ್ಲುವ ಪ್ರಯತ್ನವನ್ನೇ ಮಾಡುತ್ತಿಲ್ಲ' ಎಂದು ಅಧಿಕಾರಿಯ ಬಳಿ ಡ್ರಾ ಕೇಳಬಹುದಿತ್ತು. ಆನ್‌ಲೈನ್‌ನಲ್ಲಿ ಅಂಥ ಅಧಿಕಾರಿ ಇಲ್ಲ. ಈ ಪರಿಸ್ಥಿತಿ ಇಷ್ಟವಿಲ್ಲದವರಿಗೆ ಸರಳವಾದ ದಾರಿ ಇದೆ. ಪ್ರತಿ ನಡೆಗೂ ಎರಡೋ ಮೂರೋ ಸೆಕೆಂಡ್ ಸೇರುವ ಆಟ ಆರಿಸಿಕೊಳ್ಳಬಹುದು. ರಾಣಿ ಇಟ್ಟುಕೊಂಡವರು ಆ ಸೆಕೆಂಡುಗಳಲ್ಲೇ ಮೇಟ್ ಕೊಟ್ಟು ಮುಗಿಸುತ್ತಾರೆ.

ಬೇಗ ರಿಸೈನ್ ಮಾಡುವುದೇ ನಿಜಕ್ಕೂ ಸೌಜನ್ಯ ಆಗುವ ಜಾಗಗಳೂ ಇವೆ. ದಿನಗಳ ಲೆಕ್ಕದಲ್ಲಿ ಸಮಯ ಇರುವ ಆಟವನ್ನು ತೆಗೆದುಕೊಳ್ಳಿ. ಪ್ರತಿ ನಡೆಗೆ ಮೂರು ದಿನ ಸಮಯ. ಒಬ್ಬರಿಗೆ ರಾಜ ಮಾತ್ರ ಉಳಿದಿದೆ. ಇನ್ನು ಹದಿನೈದು ನಡೆ ಬಾಕಿ ಇದ್ದರೆ, ಪ್ರತಿ ಸಲವೂ ಕೊನೆಯ ಗಂಟೆಯವರೆಗೆ ಕಾದು ಆಡಿದರೆ, ಆರು ವಾರ ಎಳೆಯಬಹುದು. ಎದುರಾಳಿ ಬೇಕಾದಷ್ಟು ಹೊತ್ತು ಕೂತು ಯೋಚಿಸಬಹುದಾದ್ದರಿಂದ ತಪ್ಪು ಮಾಡುವ ಸಾಧ್ಯತೆಯೂ ಇಲ್ಲದಂತೆಯೇ. ಹಳೆಯ ಕಾಲದ ಆ ಶಿಷ್ಟಾಚಾರ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಲಿಚೆಸ್‌ನ ಅರೀನಾ ಟೂರ್ನಿಗಳೂ ಹಾಗೇ. ಅಲ್ಲಿ ಒಟ್ಟು ಸಮಯ ನಿಗದಿ. ಒಂದು ಆಟ ಮುಗಿದರೆ ಮಾತ್ರ ಮುಂದಿನದು. ಗೆಲುವಿಗೆ ಎರಡು ಅಂಕ, ಸತತ ಎರಡು ಗೆದ್ದರೆ ಮುಂದಿನದಕ್ಕೆ ದುಪ್ಪಟ್ಟು. ಅಲ್ಲಿ ಗಡಿಯಾರ ಓಡಿಸುತ್ತಾ ಕೂತರೆ ಎದುರಾಳಿ ಒಂದೆರಡು ಆಟವನ್ನೇ ಕಳೆದುಕೊಳ್ಳುತ್ತಾರೆ. ನಿಮ್ಮದೂ ಅಷ್ಟೇ ಸಮಯ ಹೋಗುತ್ತದೆ.

ಶಿಷ್ಟಾಚಾರ ಅಂದ ಕೂಡಲೇ ಎಲ್ಲರೂ ಸೋಲುವವರ ಕಡೆಗೇ ಬೆರಳು ತೋರಿಸುತ್ತಾರೆ. ಗೆಲ್ಲುವವರ ನಡವಳಿಕೆ ನನಗೆ ಅದಕ್ಕಿಂತ ದೊಡ್ಡ ವಿಷಯ. ಚಾಟ್‌ನಲ್ಲಿ 'ರಿಸೈನ್ ಮಾಡು' ಎಂದು ಬರೆಯುವುದು, ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಳಿಸುವುದು, ಇವು ಎದುರಾಳಿಯ ಗಮನ ಕೆಡಿಸುವ ಕೆಲಸಗಳೇ. ಒಂದೇ ನಡೆಯಲ್ಲಿ ಮೇಟ್ ಇರುವಾಗ ಅದನ್ನು ಬಿಟ್ಟು ಉಳಿದ ಕಾಲಾಳುಗಳನ್ನೆಲ್ಲ ಕೊನೆಯ ಸಾಲಿಗೆ ಮುಟ್ಟಿಸಿ ಕುದುರೆ ಮಾಡಿಕೊಳ್ಳುತ್ತಾ ಆಟ ಎಳೆಯುವುದು ಇನ್ನೂ ಕೆಟ್ಟದ್ದು. ಎದುರಾಳಿ ರಿಸೈನ್ ಮಾಡಲಿಲ್ಲ ಎಂಬ ಸಿಟ್ಟಿಗೆ ಕೊಡುವ ಶಿಕ್ಷೆ ಅದು. ಅಂಥ ಒಬ್ಬರ ಎದುರು ನಾನು ಆಡಿದ್ದೇನೆ. ಮೂರು ರಾಣಿ ಮಾಡಿಕೊಂಡರು, ನಾಲ್ಕನೆಯದಕ್ಕೆ ಕಾಲಾಳು ನೂಕುತ್ತಿದ್ದರು. ನನ್ನ ರಾಜನಿಗೆ ಮನೆ ಇಲ್ಲದಂತಾಯಿತು, ಚೆಕ್ ಇರಲಿಲ್ಲ. ಡ್ರಾ. ನನಗೆ ಅರ್ಧ ಅಂಕ ಸಿಕ್ಕಿತು, ಆದರೆ ಆ ಹತ್ತು ನಡೆಯ ಉದ್ದಕ್ಕೂ ಆದ ಅವಮಾನ ಇವತ್ತಿಗೂ ನೆನಪಿದೆ. ಬೇಗ ಮೇಟ್ ಕೊಡುವುದು ಗೆಲ್ಲುವವರು ತೋರಿಸಬಹುದಾದ ದೊಡ್ಡ ಸೌಜನ್ಯ.

ಜಪಾನಿನ ಚೆಸ್ ಆದ ಶೋಗಿಯಲ್ಲಿ ವೃತ್ತಿಪರರ ಆಟ ಮುಗಿಯುವುದು ಬಹುತೇಕ ರಿಸೈನ್‌ನಿಂದಲೇ. ಸೋತವರು ತಲೆಬಾಗಿ 'ಮಾಕೆಮಶಿತಾ' ಎನ್ನುತ್ತಾರೆ, 'ನಾನು ಸೋತೆ' ಎಂದು. ಎದುರಾಳಿಯೂ ತಲೆಬಾಗುತ್ತಾರೆ. ಆಮೇಲೆ ಇಬ್ಬರೂ ಅಲ್ಲೇ ಕೂತು ಆಟವನ್ನು ಮತ್ತೆ ಬಿಡಿಸಿ ನೋಡುತ್ತಾರೆ. ಆನ್‌ಲೈನ್ ಚೆಸ್‌ನಲ್ಲಿ ನನಗೆ ಕೊರತೆ ಅನ್ನಿಸುವುದು ಈ ಕೊನೆಯ ಭಾಗವೇ. ರಿಸೈನ್ ಮಾಡಲು ಬಾವುಟದ ಚಿತ್ರ ಒತ್ತುತ್ತೇವೆ, ಆಟ ಮುಗಿಯುತ್ತದೆ, ಇನ್ನೊಂದು ಶುರುವಾಗುತ್ತದೆ. ಎಂಟನೇ ನಡೆಗೆ ಒಂದು ಕುದುರೆ ಹೋಯಿತೆಂದು ಬೇಸರದಲ್ಲಿ ಬಾವುಟ ಒತ್ತುವವರನ್ನು ದಿನವೂ ನೋಡುತ್ತೇನೆ. ನಾನೂ ಒತ್ತಿದ್ದೇನೆ. ಆಮೇಲೆ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಹಾಕಿ ನೋಡಿದರೆ ಎರಡು ನಡೆಯಲ್ಲಿ ಆ ಕುದುರೆ ವಾಪಸ್ ಬರುತ್ತಿತ್ತು.

ಕೆಲವೊಮ್ಮೆ ರಿಸೈನ್ ಮಾಡದಿರುವುದೇ ಎದುರಾಳಿಗೆ ಕೊಡುವ ಗೌರವ ಆಗುತ್ತದೆ. 2016ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅಂಕ ಸಮವಾದಾಗ ಆಡಿದ ಟೈಬ್ರೇಕ್ ಕೊನೆಯಾದದ್ದು ಕಾರ್ಲ್‌ಸನ್ ರಾಣಿಯನ್ನು ಬಲಿಕೊಟ್ಟ ನಡೆಯಿಂದ. ಹೇಗೆ ಹೊಡೆದರೂ ಮುಂದಿನ ನಡೆಗೆ ಮೇಟ್. ಸೆರ್ಗೆಯ್ ಕರ್ಯಾಕಿನ್ ಅಲ್ಲಿಗೇ ರಿಸೈನ್ ಮಾಡಿದರು. ಆ ಮಟ್ಟದಲ್ಲಿ ಅದು ಸಹಜ. ಆದರೆ ನಮ್ಮಂಥವರಿಗೆ ಅಂಥ ಒಂದು ನಡೆ ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು.

ಹೋದ ವಾರ ನನ್ನ ಎದುರಾಳಿಗೆ ಅಂಥದ್ದೊಂದು ಸಿಕ್ಕಿತ್ತು. ರಾಣಿಯನ್ನು ಬಿಟ್ಟುಕೊಟ್ಟರೆ ಕುದುರೆಯಿಂದ ಮೇಟ್. ಅವರು ರಾಣಿಯನ್ನು ಇಟ್ಟ ಕೂಡಲೇ ನನಗೆ ಎಲ್ಲ ಕಂಡಿತು. ಬೆರಳು ಬಾವುಟದ ಮೇಲೆ ಹೋಗಿತ್ತು. ಅದನ್ನು ಒತ್ತದೆ ರಾಣಿಯನ್ನು ಹೊಡೆದೆ. ಒಂದು ಸೆಕೆಂಡ್ ಕೂಡ ಆಗಿರಲಿಲ್ಲ, ಅವರ ಕುದುರೆ ಬಂದು ಕೂತಿತು. ಚಾಟ್‌ನಲ್ಲಿ 'ಆಡಲು ಬಿಟ್ಟದ್ದಕ್ಕೆ ಥ್ಯಾಂಕ್ಸ್' ಎಂದು ಬರೆದರು. ನಾನು ರೀಮ್ಯಾಚ್ ಒತ್ತಿದೆ.